ಓಟಿಪಿ ಹೇಳಿಬಿಡ್ಲೇನ್ರಿ?

ಇಳಕಲ್ಲಿನ ಪ್ಯಾಟಿಯಲ್ಲಿ ನನ್ನದೊಂದು ಆನ್‌ಲೈನ್ ಸೇವಾ ಕೇಂದ್ರ ಇದೆ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಮಂದಿಯ ಬಾಯಲ್ಲಿ ಅದು ಜೆರಾಕ್ಸ್ ಅಂಗಡಿ. ಪಹಣಿ ತೆಗೆಸುವವರು, ಜಾತಿ-ಆದಾಯದ ಅರ್ಜಿ ಹಾಕುವವರು, ವಿದ್ಯಾರ್ಥಿವೇತನದ ಹುಡುಗರು, ಗೃಹಲಕ್ಷ್ಮಿ ರೊಕ್ಕ ಈ ತಿಂಗಳು ಯಾಕೆ ಬಂದಿಲ್ಲ ಎಂದು ಕೇಳುವ ಅಕ್ಕಂದಿರು, ಹೆಬ್ಬೆಟ್ಟು ಒತ್ತಿ ಪಿಂಚಣಿ ಬಿಡಿಸಿಕೊಳ್ಳುವ ಮುದುಕರು, ಎಲ್ಲರೂ ಬರುತ್ತಾರೆ. ಇತ್ತೀಚೆಗೆ ಇನ್ನೊಂದು ಬಗೆಯ ಗಿರಾಕಿಗಳೂ ಬರುತ್ತಾರೆ: "ಸರ, ರೊಕ್ಕ ಕಟ್ ಆಗೇತ್ರಿ" ಎನ್ನುವವರು.

ಸೈಬರ್ ಸುರಕ್ಷತೆಯ ಪೋಸ್ಟರನ್ನು ನಾನೂ ಗೋಡೆಗೆ ಅಂಟಿಸಿದ್ದೇನೆ. ಅದನ್ನು ಬರೆದವರ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ಒಂದು ಫೋನು, ಒಂದು ಖಾತೆ, ಜೊತೆಗೆ ಇಂಗ್ಲಿಷ್ ಓದಲು ಬರುವ ಕಣ್ಣು. ನಮ್ಮ ಕಡೆ ಅವ್ವನ ಖಾತೆಗೆ ಮಗನ ನಂಬರು, ಮಗನ ಫೋನಿನಲ್ಲಿ ಅಳಿಯನ ಹೆಸರಿನ ಸಿಮ್ಮು, ಪಾಸ್‌ಬುಕ್ಕು ಸೊಸೆಯ ಟ್ರಂಕಿನಲ್ಲಿ. ಪೋಸ್ಟರಿನ ಮಾತು ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ನಡೆಯುವಂಥವನ್ನು ಕೌಂಟರಿನ ಈಚೆ ಕೂತು ಕಂಡುಕೊಂಡಷ್ಟು ಬರೆಯುತ್ತೇನೆ.

1. ಓಟಿಪಿಯನ್ನು ಮೊದಲು ಓದಿಸಿ, ಆಮೇಲೆ ಹೇಳಿ

"ಓಟಿಪಿ ಯಾರಿಗೂ ಹೇಳಬೇಡಿ" ಎಂದು ಗೋಡೆಯ ಮೇಲಿದೆ. ಅದರ ಕೆಳಗೇ ಕೂತು ನಾನು ದಿನವಿಡೀ "ಅಕ್ಕಾರ, ಓಟಿಪಿ ಬಂತೇನ್ರಿ?" ಎಂದು ಕೇಳುತ್ತಿರುತ್ತೇನೆ. ಆಧಾರ್ ಇಳಿಸಿಕೊಳ್ಳಲು ಓಟಿಪಿ, ಸೇವಾ ಸಿಂಧುವಿಗೆ ಓಟಿಪಿ, ಪಿಎಂ ಕಿಸಾನ್ ಇ-ಕೆವೈಸಿಗೆ ಓಟಿಪಿ. ಅದಿಲ್ಲದೆ ಒಂದು ಕಡ್ಡಿಯೂ ಅಲುಗುವುದಿಲ್ಲ. ಎದುರಿಗೆ ನಿಂತು ಹತ್ತಾರು ಸಲ ಹೇಳಿ ರೂಢಿಯಾದ ಅವ್ವನಿಗೆ ನಾಳೆ ಯಾರೋ ಫೋನಿನಲ್ಲಿ "ಗೃಹಲಕ್ಷ್ಮಿ ಆಫೀಸಿನಿಂದ ಮಾತಾಡ್ತೀನಿ, ನಂಬರ್ ಹೇಳಿ" ಎಂದರೆ ಆಕೆ ಹೇಳದೆ ಏನು ಮಾಡಿಯಾಳು? ಆ ರೂಢಿ ಮಾಡಿಸಿದವರು ಆಫೀಸುಗಳು ಮತ್ತು ನಮ್ಮಂಥ ಅಂಗಡಿಯವರು. ಆಕೆಯನ್ನು ದಡ್ಡಿ ಎನ್ನುವ ಹಕ್ಕು ನಮಗಿಲ್ಲ.

ಹಾಗಾಗಿ ನಾನು ಹೇಳುವುದೇ ಬೇರೆ. ಕೆಲಸ ನೀವಾಗಿ ಶುರು ಮಾಡಿದ್ದಾಗಿರಬೇಕು. ಕೇಳುವವನು ನಿಮ್ಮ ಕಣ್ಣೆದುರು ಕೂತಿರಬೇಕು. ಮೆಸೇಜಿನಲ್ಲಿ ಬರೆದ ಕೆಲಸವೂ ನೀವು ಬಂದ ಕೆಲಸವೂ ಒಂದೇ ಆಗಿರಬೇಕು. ಮೂರನೆಯದು ತುಸು ಕಷ್ಟ, ಮೆಸೇಜು ಇಂಗ್ಲಿಷಿನಲ್ಲಿರುತ್ತದೆ. ಆದರೆ ಅಕ್ಷರ ಬಾರದವರಿಗೂ ನೋಟಿನ ಮೇಲಿನ ರೂಪಾಯಿ ಗುರುತು ಗೊತ್ತು, ಅಂಕಿಯೂ ಗೊತ್ತು. ಪಹಣಿಗೆ, ರೇಷನ್ ಕಾರ್ಡಿಗೆ ಬರುವ ಓಟಿಪಿಯಲ್ಲಿ ರೂಪಾಯಿಯ ಮಾತೇ ಬರುವುದಿಲ್ಲ. ಓಟಿಪಿಯ ಜೊತೆ ರೊಕ್ಕದ ಅಂಕಿಯೋ ಬ್ಯಾಂಕಿನ ಹೆಸರೋ ಕಂಡರೆ ಬಾಯಿ ಮುಚ್ಚಿಕೊಳ್ಳಿ, ಓದಬಲ್ಲವರಿಗೆ ತೋರಿಸಿ. ನಾನು ಗಿರಾಕಿಗಳಿಗೆ ಹೇಳುವುದಿಷ್ಟು: ನಂಬರಷ್ಟೇ ಹೇಳಬ್ಯಾಡ್ರಿ, ಫೋನು ತಿರುವಿ ಮೆಸೇಜ್ ತೋರಿಸ್ರಿ, ನಾ ಪೂರ್ತಿ ಓದಿ ಹೇಳ್ತೀನಿ.

2. ಹಳೇ ಸಿಮ್ ಬಿಡುವ ಮೊದಲು ಬ್ಯಾಂಕಿಗೆ ಹೋಗಿ ಬನ್ನಿ

ಹುನಗುಂದ, ಇಳಕಲ್, ಬಾದಾಮಿ ಸೀಮೆಯಿಂದ ಮಂಗಳೂರು, ಉಡುಪಿ, ಗೋವಾಕ್ಕೆ ದುಡಿಯಲು ಹೋಗುವವರು ಬಹಳ. ಹೋದ ಊರಿನಲ್ಲಿ ಹೊಸ ಸಿಮ್ಮು ಸಿಗುತ್ತದೆ, ಹಳೆಯದಕ್ಕೆ ರೀಚಾರ್ಜ್ ನಿಲ್ಲುತ್ತದೆ. ಕಂಪನಿ ಆ ನಂಬರನ್ನು ಬಂದ್ ಮಾಡಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಇತ್ತ ಖಾತೆಗೆ ಇನ್ನೂ ಆ ಹಳೆಯ ನಂಬರೇ ಜೋಡಣೆಯಾಗಿರುತ್ತದೆ. ಯಾವುದೋ ಊರಿನ ಯಾರದೋ ಕಿಸೆಯಲ್ಲಿ ನಿಮ್ಮ ಬ್ಯಾಂಕಿನ ಓಟಿಪಿ ಗುಂಯ್‌ಗುಡುತ್ತಿರುತ್ತದೆ.

ಇದರ ತಿರುವುಮುರುವೂ ಉಂಟು: ನಿಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ತೆಗೆಸಿರುವುದು. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ತಂದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುತ್ತದೆ. ಒಬ್ಬರ ಹೆಸರಿಗೆ ಒಂಬತ್ತರವರೆಗೆ ಅವಕಾಶವಿದೆ. ಗುರುತಿಲ್ಲದ ನಂಬರಿದ್ದರೆ "ಇದು ನನ್ನದಲ್ಲ" ಎಂದು ಅಲ್ಲೇ ಒತ್ತಬಹುದು. ಕಳೆದುಹೋದ ಫೋನನ್ನು ಬಂದ್ ಮಾಡಿಸುವ ವ್ಯವಸ್ಥೆಯೂ ಅದರಲ್ಲೇ ಇದೆ. ಜಾತ್ರೆಯ ಗದ್ದಲದಲ್ಲಿ ಫೋನ್ ಹೊಡೆಸಿಕೊಂಡವರಿಗೆ ಇದು ಗೊತ್ತಿರಬೇಕು. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಬರುವ ಐಎಂಇಐ ನಂಬರನ್ನು ಫೋನ್ ಕೈಯಲ್ಲಿರುವಾಗಲೇ ರೇಷನ್ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ.

3. ಹೆಬ್ಬೆಟ್ಟು ಒತ್ತುವ ಮೊದಲು ಪರದೆ ನೋಡಿ

ಗ್ರಾನೈಟ್ ಕ್ವಾರಿಯಲ್ಲಿ ದುಡಿದವರ, ಕುಣಿಮಗ್ಗದಲ್ಲಿ ಕೂತು ವರ್ಷಗಟ್ಟಲೆ ಎಳೆ ಹಿಡಿದವರ ಬೆರಳುಗಳನ್ನು ಹತ್ತಿರದಿಂದ ನೋಡಿದ್ದೀರಾ? ಗೆರೆಗಳೇ ಸವೆದಿರುತ್ತವೆ. ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಬೆರಳು ಒರೆಸಿ, ಒದ್ದೆ ಬಟ್ಟೆ ಸವರಿ, "ಇನ್ನೊಮ್ಮೆ ಗಟ್ಟಿ ಒತ್ತವ್ವಾ" ಎನ್ನುವುದು ನಮ್ಮ ದಿನನಿತ್ಯದ ಮಾತು. ಕಳ್ಳ ಏಜೆಂಟನಿಗೆ ಬೇಕಾದದ್ದು ಆ "ಇನ್ನೊಮ್ಮೆ". ಮೊದಲನೆಯ ಒತ್ತು ಸರಿಯಾಗಿಯೇ ಕೂತಿರುತ್ತದೆ, ರೊಕ್ಕ ಬಂದಿರುತ್ತದೆ. "ಆಗ್ಲಿಲ್ಲ, ಸರ್ವರ್ ಇಲ್ಲ" ಎಂದು ಮತ್ತೊಮ್ಮೆ ಒತ್ತಿಸಿ ಎರಡನೆಯದನ್ನು ಮಾತ್ರ ಎಣಿಸಿ ಕೊಡುತ್ತಾನೆ. ಆಧಾರ್ ಮೂಲಕ ರೊಕ್ಕ ತೆಗೆಯುವಾಗ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿನ್ ಬೇಡ, ಓಟಿಪಿಯೂ ಬೇಡ.

ಪ್ರತಿ ಒತ್ತಿಗೂ ಪರದೆಯ ಮೇಲೆ ಒಂದು ಉತ್ತರ ಬರುತ್ತದೆ, ಆಯಿತು ಎಂದೋ ಆಗಲಿಲ್ಲ ಎಂದೋ. ಆಗದಿದ್ದರೂ ಚೀಟಿ ಕೇಳಿ. ಬ್ಯಾಲೆನ್ಸ್ ನೋಡುವುದಕ್ಕೂ ಬೆರಳೇ ಬೇಕು, ರೊಕ್ಕ ತೆಗೆಯುವುದಕ್ಕೂ ಅದೇ ಬೆರಳು. ಯಾವುದಕ್ಕೆ ಒತ್ತಿಸುತ್ತಿದ್ದೀರಿ ಎಂದು ಕೇಳಿ. ನನ್ನ ಅಂಗಡಿಯಲ್ಲಿ ಪರದೆ ಗಿರಾಕಿಯ ಕಡೆ ತಿರುಗಿರುತ್ತದೆ. ಪರದೆ ತೋರಿಸಲು ಒಲ್ಲೆನೆನ್ನುವ ಅಂಗಡಿಯಿಂದ ಎದ್ದು ಬನ್ನಿ.

ಬೆರಳೇ ಇಲ್ಲದೆ ಬೆರಳಿನ ಮೋಸವೂ ನಡೆದಿದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹೀಗೇ ರೊಕ್ಕ ಹೋಯಿತು. ಕಾವೇರಿ ತಂತ್ರಾಂಶದಿಂದ ಕ್ರಯಪತ್ರ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನ ನಕಲು ಮಾಡಿ, ಆಧಾರ್ ನಂಬರಿನ ಜೊತೆ ಬಳಸಿದ್ದರು. ಮಂಗಳೂರು ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು.

ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಲಾಕ್ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಅಕ್ಕಿ ಇಲ್ಲದೆ ತಿರುಗಿ ಬಂದ ಅಜ್ಜಿ ನನ್ನನ್ನೇ ಬೈಯುತ್ತಾಳೆ. ಆದ್ದರಿಂದ ನಾನು ಮನೆಯವರನ್ನು ವಿಚಾರಿಸಿ ಹೇಳುತ್ತೇನೆ: ರೇಷನ್ನಿಗೆ ಬೆರಳು ಕೊಡುವವರು ಒಬ್ಬರಿರಲಿ, ಉಳಿದವರು ಲಾಕ್ ಮಾಡಿಕೊಳ್ಳಲಿ. ಖಾತೆಯಲ್ಲಿ ದೊಡ್ಡ ರೊಕ್ಕ ಇರುವವರು ಬ್ಯಾಂಕಿಗೆ ಬರೆದುಕೊಟ್ಟು ಆಧಾರ್ ಮೂಲಕ ತೆಗೆಯುವ ಸೌಲಭ್ಯವನ್ನೇ ಬಂದ್ ಮಾಡಿಸಿಕೊಳ್ಳಲಿ.

4. ಲಗ್ನಪತ್ರಿಕೆ ಇನ್‌ಸ್ಟಾಲ್ ಆಗುವುದಿಲ್ಲ

ಲಗ್ನಸರಾಯಿ ಬಂತೆಂದರೆ ವಾಟ್ಸಾಪಿಗೆ ಪತ್ರಿಕೆಗಳ ಸುರಿಮಳೆ. ಅವುಗಳ ನಡುವೆ ಒಂದು ಫೈಲು ಬರುತ್ತದೆ, ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಎಪಿಕೆ ಎಂದಿರುತ್ತದೆ. ಕಳಿಸಿದವರು ಗುರುತಿನವರೇ, ಬಾಗಲಕೋಟೆಯ ಬೀಗರೋ ಗುಳೇದಗುಡ್ಡದ ಗೆಳೆಯರೋ. ಒತ್ತಿದರೆ ಫೋನು ಕೇಳುತ್ತದೆ: ಇದನ್ನು ಇನ್‌ಸ್ಟಾಲ್ ಮಾಡಲೇ? ಮೆಸೇಜು ಓದಲು ಬಿಡಲೇ? ಮಂದಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ, ಪತ್ರಿಕೆ ನೋಡುವ ಅವಸರ. ಪತ್ರಿಕೆ ತೆರೆಯುವುದಿಲ್ಲ. ಅಂದಿನಿಂದ ನಿಮಗೆ ಬರುವ ಬ್ಯಾಂಕಿನ ಮೆಸೇಜುಗಳೆಲ್ಲ ಕಳ್ಳನಿಗೂ ಹೋಗುತ್ತವೆ. ನಿಮ್ಮ ವಾಟ್ಸಾಪಿನಿಂದ ಅದೇ ಪತ್ರಿಕೆ ನಿಮ್ಮ ಬೀಗರಿಗೆಲ್ಲ ಹೊರಡುತ್ತದೆ. ಬಾಗಲಕೋಟೆಯವರೂ ಪಾಪ ಹೀಗೇ ಕಳಿಸಿದ್ದು.

ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ, ಬ್ಯಾಂಕ್ ಕೆವೈಸಿ, ಕರೆಂಟ್ ಬಿಲ್ಲು ಎಂದು ಬರುವ ಎಪಿಕೆಗಳೂ ಇದೇ ಜಾತಿಯವು. ಪತ್ರಿಕೆಯೆಂದರೆ ಫೋಟೋ ಇಲ್ಲವೇ ಪಿಡಿಎಫ್, ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಈಗಾಗಲೇ ಒತ್ತಿಬಿಟ್ಟಿದ್ದರೆ ಮೊದಲು ನೆಟ್ ಬಂದ್ ಮಾಡಿ, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಆಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಆ್ಯಪ್ ಅಳಿಸಿದೆ ಎಂದುಕೊಂಡು ಸುಮ್ಮನಾದರೆ ಸಾಲದು. ಕೆಲವು ಎಪಿಕೆಗಳು ಪರದೆಯಿಂದ ಚಿಹ್ನೆ ಮರೆಯಾದ ಮೇಲೂ ಒಳಗೇ ಕೂತಿರುತ್ತವೆ. ಮುಖ್ಯವಾಗಿ, ಬೀಗರಿಗೆಲ್ಲ ಫೋನ್ ಹಚ್ಚಿ "ನನ್ನಿಂದ ಬಂದ ಪತ್ರಿಕೆ ತೆಗೀಬ್ಯಾಡ್ರಿ" ಎಂದು ಹೇಳಿ. ನಾಚಿಕೆಗೆ ಸುಮ್ಮನಿದ್ದರೆ ಅವರ ರೊಕ್ಕವೂ ಹೋಗುತ್ತದೆ.

5. ಸೀರೆ ಮಾರುವವರಿಗೆ, ಕೊಳ್ಳುವವರಿಗೆ

ಇಳಕಲ್ ಸೀರೆಯ ವ್ಯಾಪಾರ ಈಗ ಅರ್ಧ ಫೋನಿನಲ್ಲೇ ನಡೆಯುತ್ತದೆ. ನೇಕಾರರ ಮನೆಯ ಹೆಣ್ಣುಮಕ್ಕಳು ಮಗ್ಗದ ಪಕ್ಕದಲ್ಲೇ ಸೀರೆ ಹರವಿ ವಿಡಿಯೋ ಮಾಡಿ ಸ್ಟೇಟಸ್ ಹಾಕುತ್ತಾರೆ, ಬೆಂಗಳೂರು, ಪುಣೆಯಿಂದ ಆರ್ಡರು ಬರುತ್ತದೆ. ಒಳ್ಳೆಯದೇ, ನಡುವಿನ ದಲಾಲಿ ತಪ್ಪಿತು. ಆದರೆ ಪ್ಯಾಟಿಯಲ್ಲಿ ಗಿರಾಕಿಯ ಮುಖ ನೋಡಿ ಅಳೆಯುತ್ತಿದ್ದ ಕಣ್ಣಿಗೆ ಇಲ್ಲಿ ಕೆಲಸವಿಲ್ಲ.

ಹೆಚ್ಚಾಗಿ ನಡೆಯುವ ಆಟ ಇದು. ಹಿಂದಿಯಲ್ಲಿ ಒಬ್ಬ ಮಾತಾಡುತ್ತಾನೆ, ತಾನು ಮಿಲಿಟ್ರಿಯವನು, ತಂಗಿಯ ಮದುವೆಗೆ ಇಪ್ಪತ್ತು ಸೀರೆ ಬೇಕು ಎನ್ನುತ್ತಾನೆ. ಚೌಕಾಸಿಯೇ ಇಲ್ಲ! ಅಲ್ಲಿಯೇ ಅನುಮಾನ ಬರಬೇಕು. ಇಳಕಲ್ಲಿಗೆ ಬಂದು ಚೌಕಾಸಿ ಮಾಡದೆ ಸೀರೆ ಒಯ್ದವರನ್ನು ನಾನಂತೂ ಕಂಡಿಲ್ಲ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಒತ್ತಿ, ರೊಕ್ಕ ಬರುತ್ತದೆ" ಎನ್ನುತ್ತಾನೆ. ಬರುವ ರೊಕ್ಕಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದಿರೆಂದರೆ ರೊಕ್ಕ ನಿಮ್ಮಿಂದ ಹೋಗುತ್ತದೆ, ಇಲ್ಲವೇ ಬ್ಯಾಲೆನ್ಸ್ ಕಾಣುತ್ತದೆ. ಇನ್ನೊಂದು ಆಟದಲ್ಲಿ 1,500ರ ಬದಲು 15,000 ಹಾಕಿಬಿಟ್ಟೆ, ಉಳಿದದ್ದು ತಿರುಗಿ ಹಾಕಿ ಎಂದು ಗೋಗರೆಯುತ್ತಾರೆ, ಬ್ಯಾಂಕಿನಂಥದೇ ಮೆಸೇಜೂ ಬಂದಿರುತ್ತದೆ. ಮೆಸೇಜನ್ನು ಯಾರು ಬೇಕಾದರೂ ಬರೆದು ಕಳಿಸಬಹುದು, ಸ್ಕ್ರೀನ್‌ಶಾಟನ್ನೂ ಹಾಗೇ ಮಾಡಬಹುದು. ಬ್ಯಾಂಕಿನ ಆ್ಯಪ್ ತೆರೆದು ಜಮೆ ಕಂಡ ಮೇಲಷ್ಟೇ ಸೀರೆ ಕೊರಿಯರಿಗೆ ಹಾಕಿ.

ಇವೆರಡೂ ಹಳೆಯ ಆಟಗಳಾದವು. ವ್ಯಾಪಾರಿಗಳನ್ನು ಈಗ ನಿಜಕ್ಕೂ ಕಾಡುತ್ತಿರುವುದು ಖಾತೆ ಹೋಲ್ಡ್ ಆಗುವುದು. ಎಲ್ಲೋ ಯಾರನ್ನೋ ಮೋಸಮಾಡಿ ತೆಗೆದ ರೊಕ್ಕದಲ್ಲಿ ಕಳ್ಳ ನಿಮ್ಮ ಹತ್ತಿರ ಸೀರೆ ಕೊಳ್ಳುತ್ತಾನೆ. ಕಳಕೊಂಡವರು ದೂರು ಕೊಡುತ್ತಾರೆ, ಆ ರೊಕ್ಕ ಹರಿದುಹೋದ ಖಾತೆಗಳಿಗೆಲ್ಲ ತಡೆ ಬೀಳುತ್ತದೆ. ಏನೂ ಅರಿಯದ ನೇಕಾರನ ಖಾತೆಗೂ ಬೀಳುತ್ತದೆ. ದೂರು ಹೊರರಾಜ್ಯದ ಠಾಣೆಯದಾಗಿದ್ದರೆ ಓಡಾಟದ ಕಷ್ಟ ಕೇಳಲೇಬೇಡಿ. ಆದ್ದರಿಂದ ರೊಕ್ಕ ಹಾಕಿದವರ ಹೆಸರಿಗೂ ಸೀರೆ ಕಳಿಸುವ ವಿಳಾಸಕ್ಕೂ ತಾಳೆ ನೋಡಿ. "ನಮ್ಮ ಗೆಳೆಯ ಹಾಕ್ತಾನ" ಎಂದರೆ ಒಪ್ಪಬೇಡಿ. ಬಿಲ್ಲು, ಕೊರಿಯರ್ ಚೀಟಿ, ಮಾತುಕತೆಯ ಮೆಸೇಜು ಉಳಿಸಿಕೊಳ್ಳಿ. ಹೋಲ್ಡ್ ಆಯಿತೆಂದರೆ ಬ್ಯಾಂಕಿನಲ್ಲಿ ದೂರಿನ ನಂಬರು ಮತ್ತು ಯಾವ ಠಾಣೆ ಎಂಬುದನ್ನು ಬರೆಸಿಕೊಂಡು, ಈ ಕಾಗದಗಳನ್ನು ಅಲ್ಲಿಗೆ ಕಳಿಸಿ. ಮನೆಖರ್ಚಿನ ಖಾತೆಯನ್ನು ವ್ಯಾಪಾರದ ಖಾತೆಯಿಂದ ಬೇರೆ ಇಟ್ಟುಕೊಂಡವರಿಗೆ ಅಂಥ ಹೊತ್ತಿನಲ್ಲಿ ಒಲೆಯಾದರೂ ಹೊತ್ತುತ್ತದೆ.

ಕೊಳ್ಳುವವರಿಗೆ ಎರಡು ಮಾತು. 499 ರೂಪಾಯಿಗೆ ಅಪ್ಪಟ ಕೈಮಗ್ಗದ ಇಳಕಲ್ ಸೀರೆ ಎಂದು ಫೋಟೋ ಕಂಡರೆ, ಆ ಫೋಟೋ ನಮ್ಮೂರಿನ ಯಾವುದೋ ನೇಕಾರರ ಮನೆಯಿಂದ ಕದ್ದದ್ದು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಸೀರೆ ಇದು. ಇದರ ಗುರುತು ಒಡಲೂ ಸೆರಗೂ ಸೇರುವ ಕಡೆ ಇದೆ: ಅಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜಾಗವನ್ನು ಹತ್ತಿರದಿಂದ, ಹಿಂಬದಿಯಿಂದ ತೋರಿಸಿ ಎಂದು ವಿಡಿಯೋ ಕರೆಯಲ್ಲಿ ಕೇಳಿ. ನಿಜವಾದ ಮಾರಾಟಗಾರ ಖುಷಿಯಿಂದ ತೋರಿಸುತ್ತಾನೆ. ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಪವರ್‌ಲೂಮಿನ ಸೀರೆಗೆ "ಕೈಮಗ್ಗ" ಎಂದು ಬರೆದು ಹಾಕುವವರು ಊರಿನ ಒಳಗೂ ಇದ್ದಾರೆ. ಪವರ್‌ಲೂಮ್ ಮಾರುವುದು ತಪ್ಪಲ್ಲ, ಹಾಗೆಂದು ಬರೆದು ಮಾರಲಿ.

6. ಖಾತೆ ಬಾಡಿಗೆಗೆ ಕೊಡುವುದೂ ಕಳ್ಳತನವೇ

ಕಾಲೇಜು ಹುಡುಗರಿಗೆ ಒಂದು ಆಮಿಷ ಬರುತ್ತದೆ. ಹೊಸ ಖಾತೆ ತೆಗೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಸಾವಿರ ತಗೋ. ಕದ್ದ ರೊಕ್ಕ ಹರಿಯಲು ಬೇಕಾದ ಕಾಲುವೆಗಳು ಇಂಥ ಖಾತೆಗಳೇ. ಕಳ್ಳ ಯಾವ ದೇಶದಲ್ಲಿ ಕೂತಿದ್ದಾನೋ ಯಾರಿಗೂ ತಿಳಿಯದು. ಖಾತೆಯ ಹೆಸರು, ವಿಳಾಸ, ಫೋಟೋ ಮಾತ್ರ ನಿಮ್ಮವು, ಪೊಲೀಸರು ಮೊದಲು ಬಂದು ನಿಲ್ಲುವುದು ನಿಮ್ಮ ಮನೆ ಬಾಗಿಲಿಗೆ. ಗೆಳೆಯ ಕೇಳಿದ ಎಂದು ಕೊಟ್ಟರೂ ಅಷ್ಟೇ. ಇದರಲ್ಲಿ ನಾನು ಯಾರಿಗೂ ಮರುಕ ತೋರಿಸುವುದಿಲ್ಲ. ಖಾತೆ ತೆರೆಯಲು ಬಂದ ಹುಡುಗನ ಜೊತೆ ಪರಿಚಯವಿಲ್ಲದ ಇನ್ನೊಬ್ಬ ನಿಂತು ಕಾಗದ ಕೊಡುತ್ತಿದ್ದರೆ ನಾನು ಅರ್ಜಿ ಹಾಕುವುದಿಲ್ಲ.

7. ವಿಡಿಯೋ ಕರೆಯಲ್ಲಿ ಬಂಧನ ಆಗುವುದಿಲ್ಲ

ಡಿಜಿಟಲ್ ಅರೆಸ್ಟ್ ಎಂಬುದು ದೊಡ್ಡ ಊರಿನ ರೋಗ ಎಂದುಕೊಂಡಿದ್ದವರಿಗೆ 2024ರ ಅಕ್ಟೋಬರ್ 27ರ ಮನ್ ಕೀ ಬಾತ್ ನೆನಪಿರಲಿ. ಪ್ರಧಾನಿ ಅಂದು ಕೇಳಿಸಿದ ನಕಲಿ ಪೊಲೀಸನ ಮಾತುಕತೆ ನಮ್ಮ ಪಕ್ಕದ ವಿಜಯಪುರದ್ದು. ಸಮವಸ್ತ್ರ ತೊಟ್ಟು ಕೂತವನ ಕರೆಯನ್ನು ಅಲ್ಲಿನ ಒಬ್ಬರು ಹೆದರದೆ ರೆಕಾರ್ಡ್ ಮಾಡಿಟ್ಟಿದ್ದರು. ಪೊಲೀಸರಾಗಲಿ, ಸಿಬಿಐ ಆಗಲಿ, ನ್ಯಾಯಾಲಯವಾಗಲಿ ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ.

ನಮ್ಮ ಜಿಲ್ಲೆಗೆ ಇದರ ಭಯ ಹೆಚ್ಚು, ಕಾರಣ ಆಲಮಟ್ಟಿಯ ಹಿನ್ನೀರು. ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ ಮುಳುಗುವ ಜಮೀನಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ಅಷ್ಟು ರೊಕ್ಕ ಒಮ್ಮೆಗೇ ಬರುವ ಖಾತೆಗಳ ಮಾಲೀಕರು ಹೆಚ್ಚಿನವರು ವಯಸ್ಸಾದ ರೈತರು. ಯಾರ ಹೊಲ ಹೋಗುತ್ತದೆ ಎಂಬುದು ಗುಟ್ಟಿನ ಸಂಗತಿಯೂ ಅಲ್ಲ. "ಪರಿಹಾರ ಬಿಡುಗಡೆಗೆ ಶುಲ್ಕ ಕಟ್ಟಿ" ಎಂಬ ಕರೆಯಿಂದ ಹಿಡಿದು "ನಿಮ್ಮ ಖಾತೆಯಲ್ಲಿ ಕಪ್ಪುಹಣ ಬಂದಿದೆ" ಎಂಬ ಕರೆಯವರೆಗೆ ಏನು ಬೇಕಾದರೂ ಬರಬಹುದು. ಪರಿಹಾರದ ಮನೆಯವರಿಗೆ ನಾನು ಕೊಡುವ ಸಲಹೆ ಒಂದೇ: ರೊಕ್ಕ ಬಂದ ದಿನವೇ ಮುದ್ದತಿ ಠೇವಣಿಗೆ ಹಾಕಿ, ಆ ಖಾತೆಗೆ ಫೋನಿನ ಯುಪಿಐ ಜೋಡಿಸಬೇಡಿ. ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಲ್ಲದಿದ್ದರೆ ಠೇವಣಿ ಮುರಿಸಲು ಬ್ಯಾಂಕಿಗೆ ನಡೆದು ಹೋಗಬೇಕು, ಆ ನಡಿಗೆಯಲ್ಲಿ ಅಂಜಿಕೆ ಇಳಿಯುತ್ತದೆ, ದಾರಿಯಲ್ಲಿ ಯಾರಾದರೂ "ಯಾಕ್ ಕಾಕಾ, ಮಾರಿ ಹಿಂಗ್ಯಾಕ ಆಗೇತಿ?" ಎಂದು ಕೇಳಿಯೇ ಕೇಳುತ್ತಾರೆ.

8. ಜೋಳಿಗೆಗೆ ಹಾಕಬೇಕಾದ ಇನ್ನೊಂದು ಚಟ

ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ ಬೇಡಿದ್ದು ಕಾಳುಕಡಿ ಅಲ್ಲ, ಕುಡಿತ, ಬೀಡಿ, ಗುಟಖಾ. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನ ಆಗಸ್ಟ್ 1 ನಾಡಿಗೆಲ್ಲ ವ್ಯಸನಮುಕ್ತ ದಿನ. ಇಂದು ಜೋಳಿಗೆ ಬಂದರೆ ಮೊದಲು ಬೀಳಬೇಕಾದದ್ದು ರೊಕ್ಕ ಹಚ್ಚಿ ಆಡುವ ಮೊಬೈಲ್ ಆಟ. ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಬಂತು, ಹೆಸರಾಂತ ಆ್ಯಪುಗಳು ರೊಕ್ಕದ ಆಟ ನಿಲ್ಲಿಸಿದವು. ಚಟ ಹತ್ತಿದವರು ಟೆಲಿಗ್ರಾಂ ಲಿಂಕುಗಳಿಗೆ ಹೊರಳಿದ್ದಾರೆ, ಅಲ್ಲಿ ಗೆದ್ದರೂ ರೊಕ್ಕ ಕೊಡುವವರು ಯಾರೂ ಇಲ್ಲ. ಆಡಿ ಸೋತವನು ಮುಂದಿನ ಹೆಜ್ಜೆಗೆ ಸಾಲದ ಆ್ಯಪಿಗೆ ಹೋಗುತ್ತಾನೆ. ಆ ಆ್ಯಪು ಫೋನಿನ ನಂಬರುಗಳನ್ನೆಲ್ಲ ಎಳೆದುಕೊಂಡು, ಕಂತು ತಪ್ಪಿದರೆ ಅತ್ತೆ ಮಾವಂದಿರಿಗೆಲ್ಲ ಹೊಲಸು ಮೆಸೇಜು ಕಳಿಸುತ್ತದೆ. ಸಾಲ ಕೊಡುವ ಮೊದಲೇ ಕಾಂಟ್ಯಾಕ್ಟ್, ಫೋಟೋ ನೋಡಲು ಕೇಳುವ ಆ್ಯಪು ಸಾಲ ಕೊಡುವವರದ್ದೇ ಅಲ್ಲ.

9. ಫಾರ್ವರ್ಡ್ ಮಾಡಿದವರೂ ಪಾಲುದಾರರು

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ತಪ್ಪಾಯಿತು. ಅವನಿದ್ದ ಕಾರು ಮುಂದಿನ ಊರು ಮುಟ್ಟುವ ಮೊದಲೇ ವಾಟ್ಸಾಪಿನಲ್ಲಿ ವಿಡಿಯೋ ಮುಟ್ಟಿತ್ತು. ಅದೇ ತಿಂಗಳು ವಾಟ್ಸಾಪು ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ತಂದಿತು.

ನಮ್ಮದು ಹೆದ್ದಾರಿಯ ಸೀಮೆ. ಹುನಗುಂದ ಕ್ರಾಸಿನಲ್ಲಿ, ಕೂಡಲಸಂಗಮದಲ್ಲಿ, ಐಹೊಳೆಯಲ್ಲಿ ನಿತ್ಯ ಗುರುತಿಲ್ಲದ ಮುಖಗಳು. ಕಂಬಳಿ ಮಾರುವವರು, ಪ್ರವಾಸಿಗರು, ಸೋಗು ಹಾಕಿ ಬೇಡುವವರು ಬರುತ್ತಲೇ ಇರುತ್ತಾರೆ. "ಈ ಮುಖ ಕಂಡರೆ ಹುಷಾರ್" ಎಂಬ ಫೋಟೋ ಗುಂಪಿಗೆ ಬಿದ್ದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ: ಯಾವ ಠಾಣೆ, ಯಾವ ತಾರೀಖು, ಮೊದಲು ಹಾಕಿದವರು ಯಾರು? ಉತ್ತರ ಬರುವುದಿಲ್ಲ, ಫೋಟೋ ಮಾಯವಾಗುತ್ತದೆ. ನಿಜಕ್ಕೂ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ.

ಬಾದಾಮಿಯ ಬಗ್ಗೆ ಎರಡು ಸಾಲು ಇಲ್ಲೇ ಹೇಳಿಬಿಡುತ್ತೇನೆ. ಬನಶಂಕರಿ ಜಾತ್ರೆಯ ಹೊತ್ತಿಗೆ, ರಜೆಯ ದಿನಗಳಲ್ಲಿ ಗೂಗಲಿನಲ್ಲಿ ಸಿಕ್ಕ ನಂಬರಿಗೆ ರೂಮಿನ ಮುಂಗಡ ಹಾಕಿ ಬಂದು, ರೂಮೇ ಇಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂರಬೇಕಾದೀತು. ಆ ನಂಬರನ್ನು ಯಾರು ಬೇಕಾದರೂ ಹಾಕಬಹುದು. ಲಾಡ್ಜಿನ ಸ್ಥಿರ ದೂರವಾಣಿಗೆ ಮಾಡಿ ತಾಳೆ ನೋಡಿ, ಇಲ್ಲವೇ ಬಂದು ನೋಡಿ ಕೊಡುತ್ತೇವೆ ಎನ್ನಿ. ಮತ್ತೆ, ಹೊಂಡದಲ್ಲಿ ಮೀಯುವ ಹೆಂಗಸರು, ಮೇಣಬಸದಿಯ ಮೆಟ್ಟಿಲಲ್ಲಿ ಕೂತ ಪರವೂರಿನ ಹುಡುಗಿಯರು ನಿಮ್ಮ ರೀಲಿನ ಹಿನ್ನೆಲೆಯಾಗಲು ಬಂದವರಲ್ಲ.

10. ಫೋಟೋ ಇಟ್ಟು ಹೆದರಿಸಿದರೆ

ಇದಕ್ಕಾಗಿ ಬರುವವರು ಅಂಗಡಿ ಖಾಲಿಯಾಗುವವರೆಗೆ ಹೊರಗೆ ನಿಂತಿರುತ್ತಾರೆ. ಹುಡುಗಿಯರೇ ಎಂದುಕೊಳ್ಳಬೇಡಿ, ರಾತ್ರಿ ಬಂದ ವಿಡಿಯೋ ಕರೆ ಎತ್ತಿ ಸಿಕ್ಕಿಬಿದ್ದ ನಡುವಯಸ್ಸಿನ ಗಂಡಸರೂ ಬರುತ್ತಾರೆ. ಒಮ್ಮೆ ರೊಕ್ಕ ಕೊಟ್ಟರೆ ಮತ್ತೆ ಕೇಳುತ್ತಾರೆ, ಕೊಡುವವರು ಎಂದು ಗೊತ್ತಾಯಿತಲ್ಲ. ಕೊಡಬೇಡಿ, ಬೇಡಿಕೊಳ್ಳಬೇಡಿ. ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಬ್ಲಾಕ್ ಮಾಡಿ. ಹೆಂಗಸರು, ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಕೇಂದ್ರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ಹೇಳದೆಯೂ ದಾಖಲಿಸಬಹುದು. ಹದಿನೆಂಟು ತುಂಬದವರಾದರೆ ಮಕ್ಕಳ ಸಹಾಯವಾಣಿ 1098 ಇದೆ. ಸ್ಟಾಪ್ ಎನ್‌ಸಿಐಐ ಎಂಬ ಅಂತರರಾಷ್ಟ್ರೀಯ ತಾಣದಲ್ಲಿ ಹದಿನೆಂಟು ದಾಟಿದವರು ಫೋಟೋವನ್ನು ಎಲ್ಲಿಗೂ ಕಳಿಸದೆ, ಅದರ ಗುರುತಿನ ಸಂಖ್ಯೆಯನ್ನಷ್ಟೇ ಕೊಟ್ಟು, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದು ಏರದಂತೆ ತಡೆಯಬಹುದು.

ತಂದೆತಾಯಿಗಳಿಗೆ ಹೇಳುವುದಿದೆ. ಹುಡುಗಿ ತಿಂಗಳುಗಟ್ಟಲೆ ಮುಚ್ಚಿಡುವುದು ಕಳ್ಳನಿಗೆ ಅಂಜಿ ಅಲ್ಲ, "ಮನ್ಯಾಗ ಗೊತ್ತಾದ್ರ ಫೋನ್ ಕಸ್ಕೊಂಡು ಕಾಲೇಜ್ ಬಿಡಸ್ತಾರ" ಎಂದು ಅಂಜಿ. ಕಳ್ಳನಿಗೂ ಅದು ಗೊತ್ತು. ಏನೇ ಆದರೂ ಕಾಲೇಜು ಬಿಡಿಸುವುದಿಲ್ಲ ಎಂಬ ಮಾತನ್ನು ಫೋನು ಕೊಡಿಸುವ ದಿನವೇ ಹೇಳಿ ಕೊಡಿಸಿ.

11. ರೊಕ್ಕ ಹೋದರೆ ಮೊದಲು 1930, ಉಳಿದದ್ದೆಲ್ಲ ಆಮೇಲೆ

ಬಹಳ ಮಂದಿ ಮೊದಲು ನನ್ನ ಹತ್ತಿರ ಬರುತ್ತಾರೆ, ಕೆಲವರು ದೇವರ ಹತ್ತಿರ ಕೇಳಲು ಹೋಗುತ್ತಾರೆ, ಕೆಲವರು ಕಳ್ಳನಿಗೇ ಫೋನ್ ಹಚ್ಚಿ ಬೈಯುತ್ತಾ ಕೂರುತ್ತಾರೆ. ಅಷ್ಟರಲ್ಲಿ ರೊಕ್ಕ ನಾಲ್ಕಾರು ಖಾತೆ ದಾಟಿರುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದೂರು ಕೂಡಲೇ ರೊಕ್ಕ ತಲುಪಿದ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿ ಇನ್ನೂ ಉಳಿದಿರುವಷ್ಟಕ್ಕೆ ತಡೆ ಬೀಳುತ್ತದೆ. ಮೊದಲ ಒಂದೆರಡು ತಾಸಿಗೆ ಇರುವ ಬೆಲೆ ಮರುದಿನಕ್ಕಿಲ್ಲ. ಸಾಲು ಬ್ಯುಸಿ ಬಂದರೆ ಬಿಡದೆ ಹಚ್ಚಿ, ಇನ್ನೊಬ್ಬರು ಕೇಂದ್ರದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ತುಂಬಲಿ. ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು ಖಾತೆ ನಂಬರು, ಹೋದ ಮೊತ್ತ, ಹೊತ್ತು, ಯುಪಿಐ ಆದರೆ 12 ಅಂಕಿಯ ಯುಟಿಆರ್ ನಂಬರು.

ಆಮೇಲೆ ಬ್ಯಾಂಕಿಗೆ ಬರವಣಿಗೆಯಲ್ಲಿ ಕೊಟ್ಟು ಸಹಿ-ಸಿಕ್ಕೆ ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೋದ ರೊಕ್ಕವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಓಟಿಪಿ, ಪಿನ್ ಹೇಳಿದ್ದರೂ ತಿಳಿಸಿದ ಮೇಲೆ ಹೋದದ್ದಕ್ಕೆ ಬ್ಯಾಂಕೇ ಹೊಣೆ. ಅದಕ್ಕೇ ಆ ಸಿಕ್ಕೆ ಮತ್ತು ಹೊತ್ತು ಮುಖ್ಯ. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆ ಬಾಗಲಕೋಟೆಯಲ್ಲಿದೆ, ಆದರೆ ಅಲ್ಲಿಗೆ ಬಸ್ ಹಿಡಿಯುವ ಮೊದಲು 1930 ಆಗಿರಲಿ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು.

ಇದೆಲ್ಲ ಮುಗಿದು ವಾರ ಕಳೆಯುವಷ್ಟರಲ್ಲಿ ಇನ್ನೊಂದು ಕರೆ ಬರಬಹುದು. ಅವನಿಗೆ ನಿಮ್ಮ ಹೆಸರು, ಹೋದ ಮೊತ್ತ, ಬ್ಯಾಂಕು ಎಲ್ಲ ಗೊತ್ತಿರುತ್ತದೆ. "ನಿಮ್ಮ ರೊಕ್ಕ ಸಿಕ್ಕಿದೆ, ವಾಪಸ್ ಹಾಕಲು ಇಷ್ಟು ಜಿಎಸ್‌ಟಿ ಕಟ್ಟಿ" ಎನ್ನುತ್ತಾನೆ. ಅವನು ಮೊದಲನೆಯವನ ಜೊತೆಗಾರ, ಇಲ್ಲವೇ ಮೊದಲನೆಯವನೇ. ದೂರಿನ ರೊಕ್ಕ ಬಿಡುಗಡೆಗೆ ಪೊಲೀಸರೂ ಕೋರ್ಟೂ ಫೋನಿನಲ್ಲಿ ಒಂದು ರೂಪಾಯಿ ಕೇಳುವುದಿಲ್ಲ. ಆ ನಂಬರನ್ನೂ ಅದೇ ದೂರಿಗೆ ಸೇರಿಸಿಬಿಡಿ.